ಬೆಲ್ಲ ತಿಂದರೆ ಎದೆಯ ಧೂಳು ಹೋಗುತ್ತದೆಯೇ?

ಕಲ್ಲು, ಸಿಮೆಂಟ್ ಧೂಳಲ್ಲಿ ದುಡಿಯುವವರು ಬೆಲ್ಲ ತಿಂದರೆ ಶ್ವಾಸಕೋಶ ಶುಚಿಯಾಗುತ್ತದೆ ಎಂಬ ಸಂದೇಶ ಆಗಾಗ ವಾಟ್ಸಾಪ್‌ನಲ್ಲಿ ತಿರುಗುತ್ತದೆ. ಕಾಳಜಿಯಿಂದಲೇ ಕಳಿಸುತ್ತಾರೆ. ಆದರೆ ಬೆಲ್ಲ ಇಳಿಯುವುದು ಅನ್ನನಾಳದಲ್ಲಿ, ಧೂಳು ಕೂರುವುದು ಶ್ವಾಸನಾಳದ ಕವಲುಗಳಲ್ಲಿ.

10 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ದೊಡ್ಡ ಕಣಗಳು ಬಹುಪಾಲು ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತವೆ. ಶ್ವಾಸನಾಳದಲ್ಲಿ ಕೂತದ್ದನ್ನು ಸೂಕ್ಷ್ಮ ರೋಮಗಳು ಲೋಳೆಯೊಂದಿಗೆ ಮೇಲಕ್ಕೆ ತಳ್ಳುತ್ತವೆ. ತುದಿಯ ಗಾಳಿಚೀಲಗಳಲ್ಲಿ ಆ ರೋಮಗಳಿಲ್ಲ. ಅಲ್ಲಿಗಿಳಿದ ಸಿಲಿಕಾ (ಕಲ್ಲಿನ ಧೂಳಲ್ಲಿರುವ ಖನಿಜ) ಕಣವನ್ನು ನುಂಗಿದ ರಕ್ಷಕ ಕೋಶವೇ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಸುತ್ತ ಗಾಯದ ಗಂಟು ಕಟ್ಟುತ್ತದೆ. ಇದೇ ಸಿಲಿಕೋಸಿಸ್ ಎಂಬ ಕಾಯಿಲೆ, ಆ ಗಂಟನ್ನು ಕರಗಿಸುವ ಔಷಧವಿಲ್ಲ.

ಸಂದೇಶ ಬಂದಾಗ ಕೇಳಿ: ಯಾರ ಮೇಲೆ ಪರೀಕ್ಷಿಸಿದರು, ಎಷ್ಟು ದಿನ, ಹೇಗೆ ಅಳೆದರು? ಬೆಲ್ಲದ ವಿಷಯದಲ್ಲಿ ಇರುವುದು ಇಲಿಗಳ ಪ್ರಯೋಗ, ಮನುಷ್ಯರಲ್ಲಿ ಸಾಬೀತಾಗಿಲ್ಲ. ಕಲ್ಲು ಕೊಯ್ಯುವಾಗ ನೀರು ಹಾಯಿಸಿ, ಬಿಗಿಯಾಗಿ ಕೂರುವ ಎನ್‌95 ಮಾಸ್ಕ್ ಹಾಕಿ. ಮುಖಕ್ಕೆ ಕಟ್ಟಿದ ಟವೆಲ್ ಸಣ್ಣ ಕಣಗಳನ್ನು ತಡೆಯದು.