ಕಟ್ಟುವ ಮೊದಲೇ ಮುಚ್ಚಿದ ಟ್ರ್ಯಾಕ್

ಬೈಕಿನ ಮುಂದಿನ ಚಕ್ರವನ್ನು ಗಾಳಿಗೆತ್ತಿ ಓಡಿಸಿದ ಹುಡುಗರನ್ನು ಹಿಡಿದು, ಬೈಕುಗಳನ್ನು ಜಪ್ತಿ ಮಾಡಿ, ಠಾಣೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಸುದ್ದಿ ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ಪತ್ರಿಕೆಗಳಲ್ಲಿ ಹಬ್ಬ-ಹುಣ್ಣಿಮೆಯಂತೆ ತಪ್ಪದೆ ಬರುತ್ತದೆ. ಬೈಕಿನ ಬಣ್ಣ, ಹುಡುಗರ ಬಡಾವಣೆ ಬದಲಾಗುತ್ತವೆಯೇ ಹೊರತು ಕೆಳಗೆ ಅಚ್ಚಾಗುವ ಕಟ್ಟುನಿಟ್ಟಿನ ಎಚ್ಚರಿಕೆ ಅದೇ ಆಗಿರುತ್ತದೆ. ಇಂಥ ಫೋಟೊ ಕಂಡಾಗಲೆಲ್ಲ ನನಗೆ ಅರ್ಧ ಶತಮಾನದ ಹಿಂದೆ, ಸಾವಿರಾರು ಮೈಲಿ ದೂರದಲ್ಲಿ ಮುಚ್ಚಿಹೋದ ಒಂದು ರೇಸ್ ಟ್ರ್ಯಾಕ್ ನೆನಪಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ, ಲಾಸ್ ಏಂಜಲೀಸ್ ಬಂದರಿಗೆ ಹೊಂದಿಕೊಂಡಿರುವ ವಿಲ್ಮಿಂಗ್ಟನ್ ಎಂಬಲ್ಲಿ 1955ರ ಅಕ್ಟೋಬರಿನಲ್ಲಿ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಎಂಬ ಆ ನೇರ ಓಟದ ಟ್ರ್ಯಾಕ್ ಆರಂಭವಾಯಿತು. ಆ ಊರಿನ ಹುಡುಗರೂ ರಾತ್ರಿ ಬೀದಿಗಳಲ್ಲಿ ಪಣ ಕಟ್ಟಿ ಕಾರು ಓಡಿಸಿ ಜನರ ನಿದ್ದೆಯನ್ನೂ ತಮ್ಮ ಪ್ರಾಣವನ್ನೂ ಕಳೆಯುತ್ತಿದ್ದರು. ಅಲ್ಲಿಯ ನ್ಯಾಯಾಧೀಶರೊಬ್ಬರು ಶಿಕ್ಷೆ ಬರೆದು ಕೈ ತೊಳೆದುಕೊಳ್ಳುವುದನ್ನು ಬಿಟ್ಟು, ಸುತ್ತಲಿನ ಲಯನ್ಸ್ ಕ್ಲಬ್‌ಗಳನ್ನು ಕಲೆಹಾಕಿ, ಬಂದರಿನ ಖಾಲಿ ಜಾಗದಲ್ಲಿ ಹುಡುಗರಿಗಾಗಿಯೇ ಒಂದು ನೇರ ರಸ್ತೆ ಮಾಡಿಸುವುದಕ್ಕೆ ಕಾರಣರಾದರು. ಎಂಥ ಬೇಜವಾಬ್ದಾರಿ ದೇಶ ನೋಡಿ! ತಪ್ಪು ಮಾಡಿದವನಿಗೆ ಜಾಗ ಕೊಡುವುದೆಂದರೇನು? ಟ್ರ್ಯಾಕಿನ ಉದ್ದ 1,320 ಅಡಿ, ಅಂದರೆ ಸುಮಾರು 402 ಮೀಟರ್. ಎರಡು ವಾಹನಗಳು ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹೊತ್ತುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯುತ್ತದೆ. ಸಮುದ್ರ ಮಟ್ಟದ ದಟ್ಟ ಗಾಳಿಯಲ್ಲಿ ಎಂಜಿನ್‌ಗಳಿಗೆ ಹೆಚ್ಚು ಶಕ್ತಿ ಬರುತ್ತಿದ್ದುದರಿಂದ ದಾಖಲೆ ಮುರಿಯಬೇಕೆಂದವರೆಲ್ಲ ಅಲ್ಲಿಗೇ ಧಾವಿಸುತ್ತಿದ್ದರು. ಮೊದಲ ವ್ಯವಸ್ಥಾಪಕನಾಗಿ ನೇಮಕಗೊಂಡ ಮಿಕ್ಕಿ ಥಾಂಪ್ಸನ್ ಸ್ವತಃ ರೇಸಿನ ಹುಚ್ಚಿನವನು. ಆಟ ಬಲ್ಲವನನ್ನೇ ಆಟದ ಮೈದಾನಕ್ಕೆ ನೇಮಿಸುವ ಈ ವಿಚಿತ್ರ ಪದ್ಧತಿ ನಮ್ಮ ಯಾವ ಕ್ರೀಡಾ ಸಮಿತಿಗೂ ಅಂಟಿಕೊಳ್ಳದಿರುವುದು ನಮ್ಮ ಪುಣ್ಯ.

ಇಂಥ ಟ್ರ್ಯಾಕುಗಳಿಗೆ ಆಯುಸ್ಸು ಕಡಿಮೆ. ಅದೇ ಕ್ಯಾಲಿಫೋರ್ನಿಯಾದ ಸಾಂತಾ ಆನಾದ ವಿಮಾನ ನಿಲ್ದಾಣದಲ್ಲಿ ಸಿ.ಜೆ. ಹಾರ್ಟ್ ಎಂಬಾತ 1950ರಿಂದ ಐವತ್ತು ಸೆಂಟ್ ಪ್ರವೇಶ ಶುಲ್ಕವಿಟ್ಟು ನಡೆಸುತ್ತಿದ್ದ ರೇಸು 1959ರಲ್ಲಿ ನಿಂತುಹೋಯಿತು. ಲಯನ್ಸ್ ಟ್ರ್ಯಾಕು ಹದಿನೇಳು ವರ್ಷ ಬಾಳಿತು. ನೆರೆಹೊರೆಯವರು ಸದ್ದಿನ ಬಗ್ಗೆ ದೂರು ಕೊಡುತ್ತಲೇ ಇದ್ದರು, ಬಂದರಿನವರಿಗೂ ಜಾಗ ಬೇಕಾಗಿತ್ತು. 1972ರ ಡಿಸೆಂಬರ್ 2ರ ರಾತ್ರಿ ಕೊನೆಯ ರೇಸು ನಡೆಯಿತು. ಕಿಕ್ಕಿರಿದು ಬಂದ ಅಭಿಮಾನಿಗಳು ಮರಳಿ ಹೋಗುವಾಗ ಫಲಕ, ಬೇಲಿ ಎನ್ನದೆ ಕೈಗೆ ಸಿಕ್ಕಿದ್ದನ್ನು ನೆನಪಿಗೆಂದು ಕಿತ್ತುಕೊಂಡು ಹೋದರು. ನಮ್ಮಲ್ಲಿ ರಸ್ತೆಯ ಡಾಂಬರು ಕೀಳಲು ಅಭಿಮಾನಿಗಳು ಬರಬೇಕಾಗಿಲ್ಲ, ಮೊದಲ ಮಳೆಯೇ ಆ ಕೆಲಸ ಮುಗಿಸುತ್ತದೆ. ಮುಂದೆ ಆ ಜಾಗದಲ್ಲಿ ಹಡಗಿನ ಕಂಟೇನರ್‌ಗಳು ಬಂದು ಕುಳಿತವು.

ಈ ಇತಿಹಾಸವನ್ನು ಸರಿಯಾಗಿ ಅರಗಿಸಿಕೊಂಡ ಏಕೈಕ ನಗರ ನಮ್ಮದೆಂದು ನನ್ನ ದೃಢವಾದ ನಂಬಿಕೆ. ಕಟ್ಟಿದರೆ ತಾನೆ ಮುಚ್ಚಬೇಕಾಗುವುದು? ಕಟ್ಟದೆಯೇ ಬಿಟ್ಟರೆ ಭೂಸ್ವಾಧೀನದ ರಗಳೆಯಿಲ್ಲ, ನೆರೆಯವರ ದೂರಿಲ್ಲ, ಕೊನೆಯ ರಾತ್ರಿಯ ಕಣ್ಣೀರಿಲ್ಲ. ಹುಡುಗರಿಗೇನೂ ಕೊರತೆ ಮಾಡಿಲ್ಲವಲ್ಲ: ಗೋಕುಲ ರಸ್ತೆಯಿದೆ, ಉಣಕಲ್ ಇಳಿಜಾರಿದೆ, ನವನಗರದಿಂದ ರಾಯಾಪುರದ ಕಡೆಗೆ ಚಿಗರಿ ಎಂಬ ತ್ವರಿತ ಬಸ್ಸಿಗೆಂದೇ ಬೇಲಿ ಹಾಕಿ ಕಾಯ್ದಿಟ್ಟ ಪಥವಿದೆ. ಇಷ್ಟೂ ಸಾಲದಿದ್ದರೆ, ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಲೋಕಾರ್ಪಣೆಗೊಂಡ, ಜಗತ್ತಿನಲ್ಲೇ ಅತಿ ಉದ್ದವಾದ 1,507 ಮೀಟರಿನ ಪ್ಲಾಟ್‌ಫಾರ್ಮ್ ಇದೆ. ಅದರಲ್ಲಿ ಕಾಲು ಮೈಲಿಯ ಓಟ ಮುಗಿದ ಮೇಲೂ ಬ್ರೇಕು ಹಾಕಿ ನಿಲ್ಲುವುದಕ್ಕೆ ಒಂದು ಕಿಲೋಮೀಟರಿಗಿಂತ ಹೆಚ್ಚು ಜಾಗ ಉಳಿಯುತ್ತದೆ. ಸಾಮಾನು ಹೊತ್ತು ಆ ತುದಿಯಿಂದ ಈ ತುದಿಗೆ ನಡೆಯುವ ಪ್ರಯಾಣಿಕರು ಈ ಸಲಹೆಯನ್ನು ವಿರೋಧಿಸಲಾರರು. ಹಿಂದಿನ ಸೀಟಿನಲ್ಲಿ ಅವರನ್ನೂ ಕೂರಿಸಿಕೊಂಡರಾಯಿತು.

ವೇಗದ ಮೇಲೆ ನಮ್ಮ ಸರ್ಕಾರಕ್ಕೆ ದ್ವೇಷವಿದೆ ಎಂದು ಯಾರೂ ಭಾವಿಸಬಾರದು. ಎತ್ತಿನ ವೇಗವಾದರೆ ಅದಕ್ಕೆ ತುಂಬು ಅಕ್ಕರೆ. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ತೊಡಕು ಬಂದಾಗ ರಾಜ್ಯವು 2017ರಲ್ಲಿ ಕಾನೂನನ್ನೇ ತಿದ್ದಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಮ್ಮ ಕಡೆಯ ಜಾತ್ರೆಗಳಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆಗೆ ಹೊಲದಲ್ಲಿ ದಾರಿ ಹದ ಮಾಡಿ, ಗಡಿಯಾರ ಹಿಡಿದು ಅಳತೆ ಮಾಡುವ ಹಿರಿಯರಿದ್ದಾರೆ. ಹಾವೇರಿ ಜಿಲ್ಲೆಯಲ್ಲಿ ದೀಪಾವಳಿ ಕಳೆದರೆ ಹೋರಿ ಬೆದರಿಸುವವರ ಕಾಲ; ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಕೊಂಡು ಬರುವ ಹೋರಿಗೆ ಸಿನಿಮಾ ನಾಯಕರಿಗಿಂತ ದೊಡ್ಡ ಕಟೌಟು ನಿಲ್ಲುತ್ತದೆ, ಅದರ ಹೆಸರಿನಲ್ಲಿ ಅಭಿಮಾನಿ ಬಳಗವಿರುತ್ತದೆ, ವೇದಿಕೆಯ ಮೇಲೆ ಶಾಸಕರಿರುತ್ತಾರೆ. ಅಲ್ಲಿಯೂ ಜನ ತಿವಿಸಿಕೊಂಡು ಸಾಯುತ್ತಾರೆ ಎಂಬುದು ಬೇರೆ ಮಾತು. ಹೋರಿಗಿರುವ ಒಂದು ಅನುಕೂಲವೆಂದರೆ ಅದನ್ನು ಪರಂಪರೆ ಎನ್ನಬಹುದು, ಪರಂಪರೆಗೆ ಮೈದಾನ ಸಿಗುತ್ತದೆ. ಕಂತು ಕಟ್ಟಿ ತಂದ ಬೈಕಿಗೆ ಅಜ್ಜನ ಕಾಲದ ಸಾಕ್ಷಿ ಎಲ್ಲಿಂದ ತರುವುದು?

ಬೈಕಿಗೆ ಸಿಗುವುದು ರೋಡ್ ರೋಲರ್. ರಾಜ್ಯದ ಹಲವು ನಗರಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ನಡುರಸ್ತೆಯಲ್ಲಿ ಹಾಸಿ ಅವುಗಳ ಮೇಲೆ ರೋಲರ್ ಹರಿಸಿದ್ದಾರೆ. ಕ್ಯಾಮೆರಾಗಳೂ ಅಧಿಕಾರಿಗಳೂ ಸಾಲಾಗಿ ನಿಂತಿರುವ ಆ ಸಮಾರಂಭದಲ್ಲಿ ತಾಂಬೂಲ ಹಂಚುವುದೊಂದೇ ಬಾಕಿ. ರಸ್ತೆ ದುರಸ್ತಿಗೆ ಅರ್ಜಿ ಕೊಟ್ಟರೆ ಸಿಗದ ರೋಲರ್ ಆ ದಿನ ಎಲ್ಲಿಂದ ಬರುತ್ತದೆ ಎಂದು ಕೇಳಬೇಡಿ. ವಸತಿ ಪ್ರದೇಶದಲ್ಲಿ ಹಗಲಿನ ಸದ್ದು 55 ಡೆಸಿಬಲ್ ಮೀರಬಾರದೆಂದು 2000ನೇ ಇಸವಿಯ ನಿಯಮವೇ ಹೇಳುತ್ತದೆ. ಗಣಪತಿ ಮೆರವಣಿಗೆಯ ಡಿಜೆ ಪೆಟ್ಟಿಗೆಗಳನ್ನು ಹಾಸುವಷ್ಟು ಅಗಲವಾದ ರೋಲರ್ ಇನ್ನೂ ತಯಾರಾಗಿಲ್ಲವೆಂದು ಕಾಣುತ್ತದೆ.

ಲಯನ್ಸ್ ಟ್ರ್ಯಾಕಿನಲ್ಲಿ 1970ರ ಮಾರ್ಚಿನಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಚಾಲಕನ ಗಾಡಿಯ ಗೇರ್ ಪೆಟ್ಟಿಗೆ ಸಿಡಿದು ಅವನ ಬಲಗಾಲಿನ ಪಾದದ ಒಂದು ಭಾಗ ತುಂಡಾಯಿತು. ಅಲ್ಲಿಯವರೆಗೆ ಎಂಜಿನ್ ಮುಂದೆ, ಚಾಲಕ ಹಿಂದೆ ಕೂರುವುದು ರೂಢಿಯಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಆತ ಎಂಜಿನನ್ನು ಬೆನ್ನ ಹಿಂದಕ್ಕೆ ಸರಿಸುವ ಬಗ್ಗೆ ಯೋಚಿಸಿದ, 1971ರಲ್ಲಿ ಅಂಥದೇ ಗಾಡಿ ಓಡಿಸಿ ಗೆದ್ದ, ಸ್ವಲ್ಪ ಕಾಲದಲ್ಲೇ ಉಳಿದವರೆಲ್ಲ ಅದನ್ನೇ ಅನುಸರಿಸಿದರು. ಅಲ್ಲಿ ಒಂದು ಪಾದ ಹೋಗಿ ನೂರಾರು ಜನರ ಜೀವ ಉಳಿಯಿತು. ನಮ್ಮ ಬೀದಿಯಲ್ಲಿ ಹುಡುಗನೊಬ್ಬ ವಿಭಜಕಕ್ಕೆ ಅಪ್ಪಳಿಸಿ ಸತ್ತರೆ ಒಂದು ಎಫ್‌ಐಆರ್ ಆಗುತ್ತದೆ, ವಾರ ಕಳೆದ ಮೇಲೆ ಬಣ್ಣವಿಲ್ಲದ ಒಂದು ಹಂಪ್ ಏಳುತ್ತದೆ, ಆ ಹಂಪಿಗೆ ರಾತ್ರಿ ಇನ್ನೊಬ್ಬ ಎಡವಿ ಬೀಳುತ್ತಾನೆ. ಅವನು ಹಾಲು ತರಲು ಹೊರಟವನಾಗಿರಬಹುದು. ಯಾರೂ ಏನನ್ನೂ ಕಲಿಯುವುದಿಲ್ಲ. ಇಪ್ಪತ್ತೂ ತುಂಬದ ಮಕ್ಕಳು ಸಾಯುತ್ತಿದ್ದಾರೆ, ಅವರ ಚಕ್ರಕ್ಕೆ ಸಿಕ್ಕಿ ಏನೂ ಅರಿಯದ ಮುದುಕರು ಸಾಯುತ್ತಿದ್ದಾರೆ, ನಾವು ಪುಂಡರೆಂದು ಬೈದು ಪುಟ ಮಗುಚುತ್ತೇವೆ. ಒಂದು ಕಿಲೋಮೀಟರ್ ನೇರ ಜಾಗ, ಎರಡು ಬದಿಗೆ ಗಟ್ಟಿಯಾದ ಬೇಲಿ, ಹೆಲ್ಮೆಟ್ ನೋಡಿ ಒಳಗೆ ಬಿಡುವ ಒಬ್ಬ ಮನುಷ್ಯ, ಒಂದು ಆಂಬುಲೆನ್ಸ್: ಇಷ್ಟನ್ನು ಕೊಡಲಾಗದ ಆಡಳಿತಕ್ಕೆ ಹುಡುಗರ ಶಿಸ್ತಿನ ಬಗ್ಗೆ ಭಾಷಣ ಮಾಡುವ ಯೋಗ್ಯತೆ ಎಲ್ಲಿಂದ ಬಂತು?

ಶುಲ್ಕದ ವಿಷಯದಲ್ಲಿ ಮಾತ್ರ ನಮ್ಮವರನ್ನು ಹಿಂದುಳಿದವರೆನ್ನಲಾಗದು. ಸಾಂತಾ ಆನಾದಲ್ಲಿ ಐವತ್ತು ಸೆಂಟನ್ನು ಬಾಗಿಲಲ್ಲೇ ವಸೂಲು ಮಾಡುತ್ತಿದ್ದರು. ನಮ್ಮಲ್ಲಿ ಹೊರಗೆ ಬರುವಾಗ ಕಟ್ಟಬೇಕು. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಸ್ತೆಯಲ್ಲಿ ಪಣದ ಓಟ ನಡೆಸಿದವನಿಗೆ ಮೊದಲ ಸಲ 5,000 ರೂಪಾಯಿವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಸರ್ಕಾರಿ ಖರ್ಚಿನಲ್ಲಿ ಊಟ-ವಸತಿ, ಇಲ್ಲವೇ ಎರಡೂ. ಎರಡನೆಯ ಸಲ ದಂಡ 10,000ಕ್ಕೂ ವಸತಿ ಒಂದು ವರ್ಷಕ್ಕೂ ಏರಬಹುದು. ಅಪ್ರಾಪ್ತ ವಯಸ್ಸಿನವನ ಕೈಗೆ ಗಾಡಿ ಕೊಟ್ಟ ತಂದೆಯ ಪಾಲಿನದು 25,000. ರಸ್ತೆ ಮಾತ್ರ ಉಚಿತ.