ಒಡರ್ಮಾಟ್‌ನನ್ನು ಅಳೆಯಬೇಕಾದದ್ದು ಜೈಂಟ್ ಸ್ಲಾಲಮ್‌ನಲ್ಲಿ

ಸ್ವಿಟ್ಜರ್‌ಲ್ಯಾಂಡಿನ ಸ್ಕೀ ಓಟಗಾರ ಮಾರ್ಕೊ ಒಡರ್ಮಾಟ್ ಹೆಸರು ಬಂದರೆ ಸಾಕು, ಎಲ್ಲರೂ 2042 ಅನ್ನುತ್ತಾರೆ. 2022-23ರ ವಿಶ್ವಕಪ್‌ನಲ್ಲಿ, ಅಂದರೆ ಚಳಿಗಾಲವಿಡೀ ನಡೆಯುವ ಸ್ಪರ್ಧಾ ಸರಣಿಯಲ್ಲಿ, ಗಳಿಸಿದ ಅಂಕ ಅದು. ಹರ್ಮನ್ ಮೈಯರ್ 2000ನೇ ಇಸವಿಯಲ್ಲಿ ಕಟ್ಟಿಟ್ಟಿದ್ದ ಸರಿಯಾಗಿ 2000 ಅಂಕಗಳ ಪುರುಷರ ದಾಖಲೆ ಆಗ ಮುರಿಯಿತು. ಗೆದ್ದರೆ 100, ಎರಡನೇ ಸ್ಥಾನಕ್ಕೆ 80, ಮೂರಕ್ಕೆ 60, ಹೀಗೆ ಇಳಿದು ಮೂವತ್ತನೆಯವನಿಗೆ 1. ಸ್ಲಾಲಮ್ (ಹತ್ತಿರಹತ್ತಿರ ನೆಟ್ಟ ಗೇಟುಗಳ, ಅಂದರೆ ಕಂಬಗಳ, ನಡುವೆ ತಿರುಗುತ್ತ ಇಳಿಯುವ ಓಟ) ಮುಟ್ಟದೆ ಇಷ್ಟು ಕೂಡಿಸುವುದು ದೊಡ್ಡ ಮಾತೇ. ಆದರೂ ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡದು ಆಮೇಲೆ ಬಂದದ್ದು: ಗೇಟುಗಳು ಇನ್ನಷ್ಟು ದೂರದೂರ ಇರುವ ಜೈಂಟ್ ಸ್ಲಾಲಮ್‌ನಲ್ಲಿ ಸಾಲಾಗಿ 12 ಗೆಲುವು. ಸ್ವೀಡನ್ನಿನ ಹಳೆಯ ದಿಗ್ಗಜ ಇಂಗೆಮಾರ್ ಸ್ಟೆನ್‌ಮಾರ್ಕ್ ಅವರ 14ಕ್ಕೆ ಎರಡೇ ಕಡಿಮೆ.

ಯಾಕೆ ದೊಡ್ಡದು ಅಂದರೆ, ಜೈಂಟ್ ಸ್ಲಾಲಮ್‌ನಲ್ಲಿ ಎರಡು ಓಟ. ಮೊದಲ ಓಟದ ಅಗ್ರ 30 ಮಂದಿ ಎರಡನೆಯದರಲ್ಲಿ ತಿರುವುಮುರುವು ಕ್ರಮದಲ್ಲಿ ಇಳಿಯುತ್ತಾರೆ, ಮುಂದಿದ್ದವನು ಕೊನೆಗೆ. ಅಷ್ಟರಲ್ಲಿ ಪ್ರತಿ ಗೇಟಿನ ಕೆಳಗೂ ಹಿಮದಲ್ಲಿ ಗಾಡಿ ಜಾಡಿನಂಥ ಗುಂಡಿ ಬಿದ್ದಿರುತ್ತದೆ. ಪುರುಷರ ಸ್ಕೀ ಕನಿಷ್ಠ 193 ಸೆಂಟಿಮೀಟರ್ ಉದ್ದ, ತಿರುವಿನ ತ್ರಿಜ್ಯ 30 ಮೀಟರ್. ತಾನಾಗಿ ತಿರುಗುವ ವಸ್ತುವಲ್ಲ, ಬಗ್ಗಿಸಬೇಕು. ಹೊರಗಾಲಿನ ಸ್ಕೀ ಮೇಲೆ ಒತ್ತಡ ಕೂಡುವ ಮೊದಲೇ ಸೊಂಟ ಒಳಕ್ಕೆ ಬಿದ್ದರೆ ಭಾರ ಒಳಗಾಲಿಗೆ ಹೋಗುತ್ತದೆ, ಹೊರಸ್ಕೀಯ ಅಂಚು ಜಾರುತ್ತದೆ, ಆಟ ಮುಗಿಯಿತು. ಒಡರ್ಮಾಟ್‌ಗೂ ಹೀಗಾಗುತ್ತದೆ, ಆಗಾಗ. ಸೊಂಟ ಹಿಮಕ್ಕೆ ತಾಗುವಷ್ಟು ಬಾಗಿದ್ದರೂ ಒಳಸ್ಕೀ ಮೇಲೇ ಒಂದು ಕ್ಷಣ ನಿಂತು, ಮುಂದಿನ ಗೇಟಿಗೆ ಮತ್ತೆ ಹೊರಗಾಲು ಹುಡುಕಿಕೊಳ್ಳುತ್ತಾನೆ. ಬೇರೆಯವರು ಬೀಳುವ ಕಡೆ ಇವನು ವೇಗವನ್ನೂ ಉಳಿಸಿಕೊಳ್ಳುತ್ತಾನಲ್ಲ, ಅದನ್ನೇ ನಾನು ಪ್ರತಿಭೆ ಅನ್ನುವುದು. 2024ರ ಜನವರಿಯಲ್ಲಿ ಆಸ್ಟ್ರಿಯದ ಶ್ಲಾಡ್ಮಿಂಗ್‌ನ ರಾತ್ರಿ ಸ್ಪರ್ಧೆಯಲ್ಲಿ ಮೊದಲ ಓಟದ ನಂತರ 11ನೇ ಸ್ಥಾನ. ಕೊನೆಗೆ ಗೆದ್ದವನು ಅವನೇ. 12 ಗೆಲುವಿನ ಆ ಸರಣಿ ಮಾರ್ಚ್‌ನಲ್ಲಿ ಝಾಲ್‌ಬಾಖ್‌ನ ಎರಡನೇ ಓಟದಲ್ಲಿ ಜಾರಿ ಮುಗಿಯಿತು.

2022ರ ಬೀಜಿಂಗ್ ಒಲಿಂಪಿಕ್ಸ್ ಕೂಡ ಇದನ್ನೇ ಹೇಳುತ್ತದೆ. ಡೌನ್‌ಹಿಲ್‌ನಲ್ಲಿ (ಎಲ್ಲಕ್ಕಿಂತ ವೇಗದ ಇಳಿತ) 7ನೇ ಸ್ಥಾನ, ಸೂಪರ್-ಜಿಯಲ್ಲಿ (ಡೌನ್‌ಹಿಲ್‌ಗೂ ಜೈಂಟ್ ಸ್ಲಾಲಮ್‌ಗೂ ನಡುವಿನದು) ಗುರಿ ಮುಟ್ಟಲೇ ಇಲ್ಲ. ಹಿಮ ಸುರಿಯುತ್ತಿದ್ದ ಜೈಂಟ್ ಸ್ಲಾಲಮ್‌ನಲ್ಲಿ 0.19 ಸೆಕೆಂಡಿನಿಂದ ಚಿನ್ನ. ಡೌನ್‌ಹಿಲ್ ಆಮೇಲೆ ಕೈಗೆ ಬಂತು, ಅದೂ ವಿಚಿತ್ರ ಕ್ರಮದಲ್ಲಿ: 2023ರಲ್ಲಿ ಕೂರ್ಷ್‌ವೆಲ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ವಿಶ್ವಕಪ್‌ನಲ್ಲಿ ಒಂದೇ ಒಂದು ಡೌನ್‌ಹಿಲ್ ಗೆದ್ದಿರಲಿಲ್ಲ. ಆ ಮೊದಲ ಗೆಲುವು ಸಿಕ್ಕಿದ್ದು 2024ರ ಜನವರಿಯಲ್ಲಿ, ಸ್ವಿಟ್ಜರ್‌ಲ್ಯಾಂಡಿನ ವೆಂಗೆನ್‌ನಲ್ಲಿ.

ಜನಪ್ರಿಯತೆ ನೋಡಬೇಕಾದರೂ ವೆಂಗೆನ್‌ಗೇ ಹೋಗಬೇಕು. ಕಾರು ಹೋಗದ ಊರು, ಹಲ್ಲುಗಾಲಿ ರೈಲೇ ಗತಿ. ಅಲ್ಲಿನ ಲೌಬರ್‌ಹಾರ್ನ್ ಎಂಬ ಡೌನ್‌ಹಿಲ್ ಓಟದ ಉದ್ದ ಸುಮಾರು 4.5 ಕಿಲೋಮೀಟರ್, ಎರಡೂವರೆ ನಿಮಿಷ ತೊಡೆ ಉರಿಯುವ ಇಳಿತ. 2024ರ ಆ ವಾರ ಅಲ್ಲಿ ಒಡರ್ಮಾಟ್ ಎರಡು ಡೌನ್‌ಹಿಲ್ ಗೆದ್ದ, ಮರುವರ್ಷ ಮತ್ತೊಂದು. ನಿಡ್‌ವಾಲ್ಡೆನ್ ಎಂಬ ಪುಟ್ಟ ಕ್ಯಾಂಟನ್ನಿನ (ಸ್ವಿಸ್ ಪ್ರಾಂತ್ಯ) ಹುಡುಗ, ಕಾಲಿಗೆ ಪಕ್ಕದ ಲೂಸರ್ನ್ ಕ್ಯಾಂಟನ್ನಿನ ಮಾಲ್ಟರ್ಸ್‌ನಲ್ಲಿ ತಯಾರಾಗುವ ಸ್ಟೋಕ್ಲಿ ಸ್ಕೀ. 'ಓಡಿ' ಎಂದು ಜನ ಕೂಗುವಾಗ ಮನೆಮಗನನ್ನು ಕರೆದಂತಿರುತ್ತದೆ, ಅದರಲ್ಲಿ ಅತಿಶಯ ಇಲ್ಲ.

ಆಸ್ಟ್ರಿಯದ ಕಿಟ್ಸ್‌ಬ್ಯೂಲ್‌ನ ಸ್ಟ್ರೈಫ್ ಎಂಬ ಇಳಿಜಾರು ಮಾತ್ರ ಬೇರೆ ಕಥೆ. 2023ರಲ್ಲಿ ಅಲ್ಲಿನ ಡೌನ್‌ಹಿಲ್‌ನಲ್ಲಿ ಬೀಳಬೇಕಿದ್ದವನು ಹೇಗೋ ಉಳಿದ, ಮೊಣಕಾಲು ನೊಂದಿತು. ವಾರ ಕಳೆದ ಕೂಡಲೇ ಇಟಲಿಯ ಕೊರ್ಟಿನಾದಲ್ಲಿ ಎರಡು ಸೂಪರ್-ಜಿ ಗೆದ್ದ. 2024ರಲ್ಲಿ ಕಿಟ್ಸ್‌ಬ್ಯೂಲ್‌ನ ಡೌನ್‌ಹಿಲ್‌ನಲ್ಲಿ ಫ್ರಾನ್ಸಿನ ಸಿಪ್ರಿಯೆನ್ ಸರಾಝಾಂ ಹಿಂದೆ ಎರಡನೆಯವ. 2025ರಲ್ಲಿ ಅಲ್ಲೇ ಸೂಪರ್-ಜಿ ಗೆದ್ದ, ಡೌನ್‌ಹಿಲ್ ಕೆನಡಾದ ಜೇಮ್ಸ್ ಕ್ರಾಫರ್ಡ್ ಪಾಲಾಯಿತು.