‘ಟ್ಯಾಬೂ’ ನಮ್ಮ ‘ತಪ್ಪು’ ಅಲ್ಲ

ಮಡಿಕೇರಿಯ ನಮ್ಮ ಗ್ರೂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: ಇಂಗ್ಲಿಷಿನ ‘ಟ್ಯಾಬೂ’ (ನಿಷಿದ್ಧ ಅಂತ ಅರ್ಥ) ನಮ್ಮ ‘ತಪ್ಪು’ ಪದದಿಂದಲೇ ಹುಟ್ಟಿದ್ದಂತೆ. ಕೇಳೋಕೆ ಚೆನ್ನಾಗಿದೆ, ಆದರೆ ನಿಜವಲ್ಲ.

1777ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳಲ್ಲಿ ಈ ‘ಟ್ಯಾಬೂ’ ಪದ ಕೇಳಿ ಬರೆದುಕೊಂಡ. ಇಂಗ್ಲಿಷಿಗೆ ಬಂದದ್ದು ಅಲ್ಲಿಂದ. ನ್ಯೂಜಿಲೆಂಡಿನ ಮಾವೋರಿ ಭಾಷೆಯಲ್ಲಿ ಅದು ‘ತಪು’, ಹವಾಯಿಯಲ್ಲಿ ‘ಕಪು’. ಅಲ್ಲಿ ಗೇಟಿನ ಮೇಲೆ ‘ಕಪು’ ಅಂತ ಇದ್ದರೆ ಒಳಗೆ ಬರಬೇಡಿ ಎಂದರ್ಥ, ನಮ್ಮ ಕಾಫಿ ತೋಟದ ಬೋರ್ಡಿನ ಹಾಗೆ.

‘ತಪ್ಪು’ ದ್ರಾವಿಡ ಪದ. ತಮಿಳು, ತೆಲುಗಿನಲ್ಲೂ ಇದೆ. ಅದು ಗುರಿ ತಪ್ಪುವ, ದೋಷದ ಮಾತು. ‘ತಪು’ ಹಾಗಲ್ಲ. ಪವಿತ್ರ, ಅದಕ್ಕೇ ಮುಟ್ಟಬಾರದು: ಎರಡೂ ಒಟ್ಟಿಗೆ. ಹೋಲಿಕೆ ಬೇಕೇ ಬೇಕಿದ್ದರೆ ಕೊಡಗಿನ ದೇವರಕಾಡು ಇದೆ ಅಲ್ವಾ? ದೇವರದ್ದು, ಹಾಗಾಗಿ ಕೊಡಲಿ ಹಾಕುವಂತಿಲ್ಲ.